ಡ್ರೋನ್‌ನಲ್ಲಿ ಔಷಧಿ ಹೊಡೆಸಿದ್ದರ ರಿವ್ಯೂ: ಬೆನ್ನು ಉಳೀತು, ಬಕೆಟ್ ಹತ್ರ ನಿಂತವರ ಕಥೆ ಏನು?

ಮೊದ್ಲೇ ಮಾರ್ಕ್ಸ್ ಹೇಳ್ಬಿಡ್ತೀನಿ, ಐದಕ್ಕೆ ಮೂರೂವರೆ. ಹರಿಹರದ ಕಡೆ ನಮ್ಮದು ಭದ್ರಾ ನೀರಿನ ಭತ್ತದ ಗದ್ದೆ, ಈ ಸಲ ಬೇಸಿಗೆ ಬೆಳೆಗೆ ಬೆನ್ನಿಗೆ ಹೊತ್ತು ಔಷಧಿ ಹೊಡಿಯೋ ಪಂಪು ಬಿಟ್ಟು ಡ್ರೋನ್‌ನವರನ್ನ ಕರೆಸಿದ್ವಿ. ಟೀಮಿನ ಹೆಸರು ಹಾಕಲ್ಲ, ಪಕ್ಕದೂರಿನ ಹುಡುಗ್ರು, ಇನ್ನೂ ಹೊಸ್ದಾಗಿ ಶುರು ಮಾಡಿರೋರು, ಹೆಸರು ಹಾಕಿ ಅವರ ಹೊಟ್ಟೆ ಮೇಲೆ ಹೊಡಿಯೋದು ಬೇಡ. ಎಕರೆಗೆ 500 ರೂಪಾಯಿ, ಔಷಧಿ ನಾವೇ ತಂದಿಡ್ಬೇಕು, ನೀರೂ ನಮ್ಮದೇ. ಬೆಳಗ್ಗೆ ಏಳಕ್ಕೆ ಬರ್ತೀವಿ ಅಂದೋರು ಬಂದಿದ್ದು ಹತ್ತೂಕಾಲಿಗೆ, ಈ ಮೂರು ಗಂಟೆ ಲೇಟು ಯಾಕೆ ದೊಡ್ಡ ವಿಷಯ ಅಂತ ಆಮೇಲೆ ಹೇಳ್ತೀನಿ.

ಕೆಲಸದ ಸ್ಪೀಡ್ ಬಗ್ಗೆ ಮಾತೇ ಇಲ್ಲ ಬಿಡ್ರಿ. ಹತ್ತು ಲೀಟರ್ ಟ್ಯಾಂಕು, ಒಂದು ಟ್ಯಾಂಕಿಗೆ ಒಂದು ಎಕರೆ, ಏಳೆಂಟು ನಿಮಿಷದಲ್ಲಿ ಮುಗಿದೇ ಹೋಗುತ್ತೆ. ಬ್ಯಾಟರಿ ಬದಲಾಯಿಸೋದು, ಚಾರ್ಜಿಗೆ ಜನರೇಟರ್ ಹಾಕೋದು ಎಲ್ಲಾ ಸೇರಿಸಿದ್ರೂ ನಮ್ಮ ಗದ್ದೆ ಮುಗಿಸಿ ಅವರು ಟೀ ಕುಡಿಯೋ ಹೊತ್ತಿಗೆ, ಆಳು ಪಂಪಲ್ಲಿ ಹೊಡೆದಿದ್ರೆ ಮೊದಲನೇ ಎಕರೆನೇ ಮುಗೀತಿರಲಿಲ್ಲ. ಪೈರು ತುಳಿಯೋದಿಲ್ಲ, ಕೆಸರಲ್ಲಿ ಕಾಲು ಹೂತುಕೊಂಡು ನಡಿಯೋದಿಲ್ಲ. ಎಲೆ ಸುರುಳಿ ಹುಳಕ್ಕೆ ರಿಸಲ್ಟ್ ಚೆನ್ನಾಗೇ ಬಂತು. ಆದ್ರೆ ಜಿಗಿ ಹುಳಕ್ಕೆ ಇದನ್ನ ನಂಬ್ಕೋಬೇಡಿ, ಅದು ಕೂತಿರೋದು ಬುಡದಲ್ಲಿ, ಪೈರು ಒತ್ತಾಗಿದ್ದಾಗ ಮೇಲಿಂದ ಹೊಡೆದ ಸಣ್ಣ ಹನಿ ಅಲ್ಲೀವರೆಗೂ ಇಳಿಯೋದೇ ಕಷ್ಟ. ಪಂಪಲ್ಲಾದ್ರೆ ಪೈರು ಸರಿಸಿ ಬುಡಕ್ಕೇ ಹೊಡಿಬಹುದು. ಅರ್ಧ ಮಾರ್ಕು ಅಲ್ಲೇ ಕಟ್.

ಬೆಳೆ ರಿವ್ಯೂ ಇಷ್ಟೇ. ನಾನು ಡ್ರೋನ್ ಕರೆಸಿದ್ದು ಕೂಲಿ ಉಳಿಸೋಕೂ ಅಲ್ಲ, ಫೋಟೋ ಹಾಕೋಕೂ ಅಲ್ಲ, ನಮ್ಮ ಚಿಕ್ಕಪ್ಪನ ಬೆನ್ನಿಂದ ಕ್ಯಾನ್ ಇಳಿಸೋಕೆ.

ಚಿಕ್ಕಪ್ಪ ಹುಡುಗನಾಗಿದ್ದಾಗಿಂದ ಪಂಪು ಹೊತ್ತವರು. ನಮ್ಮ ಗದ್ದೆ ಅಷ್ಟೇ ಅಲ್ಲ, ಸೀಸನ್‌ನಲ್ಲಿ ಕೂಲಿಗೂ ಹೋಗೋರು, ಕ್ಯಾನ್ ಲೆಕ್ಕದಲ್ಲಿ ದುಡ್ಡು. ಲುಂಗಿ ಮೇಲಕ್ಕೆ ಕಟ್ಟಿ, ಮೂಗಿಗೆ ಟವಲ್ ಸುತ್ತಿ, ಬರಿಗಾಲಲ್ಲಿ. ಹಳೇ ಕ್ಯಾನ್ ಮುಚ್ಚಳ ಸೋರಿ ಬೆನ್ನೆಲ್ಲಾ ಒದ್ದೆ ಆಗೋದು ಮಾಮೂಲಿ, ನಾಝಲ್ ಕಟ್ಟಿಕೊಂಡ್ರೆ ಬಾಯಲ್ಲಿ ಊದಿದ್ದೂ ಉಂಟು. ಹೊಡೆದ ದಿನ ರಾತ್ರಿ ತಲೆನೋವು, ಊಟ ಸೇರಲ್ಲ, ಅದನ್ನ ಮನೇಲಿ ಯಾರೂ ಕಾಯಿಲೆ ಅಂತ ಲೆಕ್ಕಕ್ಕೇ ತಗೊಂಡಿಲ್ಲ, ಬಿಸಿಲು ಅಂದ್ಕೊಂಡ್ವಿ. ಇತ್ತೀಚಿನ ವರ್ಷಗಳಲ್ಲಿ ಬೇರೇನೇ ಶುರುವಾಯ್ತು. ಜಾತ್ರೆಲಿ ಎಲ್ಲರನ್ನೂ ನಗಿಸೋ ಮನುಷ್ಯ ಕಟ್ಟೆ ಮೇಲೆ ಸುಮ್ನೆ ಕೂರೋಕೆ ಶುರು ಮಾಡಿದ್ರು, ನಿದ್ದೆ ಇಲ್ಲ, ಸಣ್ಣದಕ್ಕೂ ಸಿಡಿಮಿಡಿ, ಸಾಲ ಅಂತ ದೊಡ್ಡದೇನೂ ಇಲ್ಲ ಆದ್ರೂ "ಏನ್ ಮಾಡಿ ಏನ್ ಆಗ್ಬೇಕು ಬಿಡೋ" ಅನ್ನೋ ಮಾತು. ಚಿಕ್ಕಮ್ಮ ದೇವರಿಗೆ ಹರಕೆ ಹೊತ್ರು, ಯಾರೋ ದೃಷ್ಟಿ ಅಂದ್ರು. ಕೊನೆಗೆ ದಾವಣಗೆರೆಲಿ ಒಬ್ಬ ಮಾನಸಿಕ ರೋಗದ ಡಾಕ್ಟರ್ ಹತ್ರ ಹೋದಾಗ ಅವರು ಕುಡಿತ ಕೇಳಿದ್ರು, ಸಾಲ ಕೇಳಿದ್ರು, ಆಮೇಲೆ ಒಂದು ಪ್ರಶ್ನೆ: ಎಷ್ಟು ವರ್ಷದಿಂದ ಔಷಧಿ ಹೊಡಿತೀರಿ, ಯಾವುದು? ನಾವು ಮುಖ ಮುಖ ನೋಡ್ಕೊಂಡ್ವಿ.

ಅವರು ಇದೇ ಕಾರಣ ಅಂತ ಹೇಳ್ಲಿಲ್ಲ, ಇದೂ ಒಂದು ಇರಬಹುದು, ಸ್ವಲ್ಪ ದೂರ ಇರಿ ಅಂದ್ರು ಅಷ್ಟೇ. ಆಮೇಲೆ ನಾನೇ ಕೂತು ಓದಿದೆ. ಅಮೆರಿಕದ ಅಯೋವಾ, ನಾರ್ತ್ ಕೆರೋಲಿನಾ ಎರಡು ರಾಜ್ಯಗಳಲ್ಲಿ 1993ರಿಂದ ಒಂದು ದೊಡ್ಡ ಅಧ್ಯಯನ ನಡೀತಾ ಇದೆ, ಅಗ್ರಿಕಲ್ಚರಲ್ ಹೆಲ್ತ್ ಸ್ಟಡಿ ಅಂತ, ಕೀಟನಾಶಕ ಹೊಡಿಯೋ ರೈತರು, ಅವರ ಹೆಂಡತಿಯರು ಎಲ್ಲಾ ಸೇರಿ ಸುಮಾರು 89 ಸಾವಿರ ಜನ. ಅದರಲ್ಲಿ 2008ರಲ್ಲಿ ಬಂದ ಲೆಕ್ಕದ ಪ್ರಕಾರ, ಕೀಟನಾಶಕದ ವಿಷ ಏರಿದೆ ಅಂತ ಡಾಕ್ಟರೇ ಹೇಳಿದ್ದ ರೈತರಲ್ಲಿ ಖಿನ್ನತೆಯ ಸಾಧ್ಯತೆ ಉಳಿದವರಿಗಿಂತ ಎರಡೂವರೆ ಪಟ್ಟು. ಹಾಗೆ ವಿಷ ಏರದೇ ಇದ್ರೂ ವರ್ಷಗಟ್ಟಲೆ ಜಾಸ್ತಿ ಹೊಡೆದವರಲ್ಲೂ ಸ್ವಲ್ಪ ಜಾಸ್ತಿನೇ. ಹೆಂಡತಿಯರ ಲೆಕ್ಕ ಬೇರೆ ಥರ ಬಂತು, ವಿಷ ಏರಿದ್ದ ಹೆಂಗಸರಲ್ಲಿ ಖಿನ್ನತೆ ಜಾಸ್ತಿ ಇತ್ತು, ಬರೀ ಬಳಕೆಯ ಲೆಕ್ಕದಲ್ಲಿ ಅಂಥ ಸಂಬಂಧ ಸಿಗಲಿಲ್ಲ. 2014ರಲ್ಲಿ ಅದೇ ಅಧ್ಯಯನದಿಂದ ಬಂದ ಇನ್ನೊಂದು ವರದಿ ಔಷಧಿ ಔಷಧಿ ಬೇರೆ ಬೇರೆ ಮಾಡಿ ನೋಡ್ತು, ಅದರಲ್ಲಿ ಮೆಲಾಥಿಯಾನ್, ಡಯಾಜಿನಾನ್, ಪ್ಯಾರಾಥಿಯಾನ್ ಹೆಸರು ಇದೆ. ಮೆಲಾಥಿಯಾನ್ ಯಾವ್ದು ಅಂತ ಹಳ್ಳಿಯವರಿಗೆ ಹೇಳ್ಬೇಕಿಲ್ಲ.

ಈ ಮೂರೂ ಆರ್ಗನೋಫಾಸ್ಫೇಟ್ ಗುಂಪಿನವು, ನಮ್ಮ ಕಡೆ ಓಡಾಡೋ ಕ್ಲೋರ್‌ಪೈರಿಫಾಸ್, ಪ್ರೊಫೆನೋಫಾಸ್, ಅಸಿಫೇಟ್ (ಆ ನಾತ, ಒಂದ್ಸಲ ಮೂಗಿಗೆ ಬಡಿದ್ರೆ ಮರೆಯೋ ಹಾಗಿಲ್ಲ), ಮೊನೊಕ್ರೊಟೊಫಾಸ್ ಎಲ್ಲಾ ಇದೇ ಮನೆತನ. ಇವು ಕೆಲಸ ಮಾಡೋ ದಾರಿ ಏನಂದ್ರೆ, ನರಗಳು ಒಂದಕ್ಕೊಂದು ಸುದ್ದಿ ಕಳಿಸೋಕೆ ಅಸಿಟೈಲ್‌ಕೋಲೀನ್ ಅನ್ನೋ ರಾಸಾಯನಿಕ ಬಿಡ್ತವೆ, ಸುದ್ದಿ ತಲುಪಿದ ಮೇಲೆ ಅದನ್ನ ಗುಡಿಸಿ ಹಾಕೋಕೆ ಒಂದು ಕಿಣ್ವ ಇದೆ, ಈ ಔಷಧಿ ಆ ಕಿಣ್ವದ ಕೈ ಕಟ್ಟಿಹಾಕುತ್ತೆ. ಹುಳದಲ್ಲೂ ಅದೇ, ಮನುಷ್ಯನಲ್ಲೂ ಅದೇ, ಪ್ರಮಾಣ ಮಾತ್ರ ಬೇರೆ. ಜಾಸ್ತಿ ಆದಾಗ ಬೆವರು, ಜೊಲ್ಲು, ಕಣ್ಣಲ್ಲಿ ನೀರು, ಕಣ್ಣಿನ ಪಾಪೆ ಸೂಜಿ ಮೊನೆಯಷ್ಟಾಗೋದು, ಮಾಂಸ ಅದುರೋದು, ಉಸಿರು ಕಟ್ಟೋದು, ಇದನ್ನ ಎಲ್ಲರೂ ಗುರುತು ಹಿಡೀತಾರೆ, ಆಸ್ಪತ್ರೆಲಿ ಅಟ್ರೋಪಿನ್ ಕೊಡ್ತಾರೆ. ಸ್ವಲ್ಪ ಸ್ವಲ್ಪ ವರ್ಷಾನುಗಟ್ಟಲೆ ಹೋದಾಗ ಏನಾಗುತ್ತೆ ಅನ್ನೋದನ್ನ ಮಾತ್ರ ಯಾರೂ ಗುರುತು ಹಿಡಿಯಲ್ಲ. ಅಸಿಟೈಲ್‌ಕೋಲೀನ್ ಜಾಸ್ತಿಯಾದ್ರೆ ಮನಸ್ಸು ಕುಗ್ಗುತ್ತೆ ಅನ್ನೋ ವಾದ 1972ರಿಂದಲೇ ಮನೋವೈದ್ಯರಲ್ಲಿ ಇದೆ, ಯಾಕಂದ್ರೆ ಅದೇ ಕಿಣ್ವವನ್ನ ತಡೆಯೋ ಫೈಸೊಸ್ಟಿಗ್ಮಿನ್ ಅನ್ನೋ ಮದ್ದು ಕೊಟ್ಟಾಗ ರೋಗಿಗಳಿಗೆ ಸ್ವಲ್ಪ ಹೊತ್ತಿಗೇ ಮಂಕು ಕವಿಯೋದನ್ನ ಕಣ್ಣಾರೆ ನೋಡಿದ್ರು. ಬ್ರಿಟನ್‌ನಲ್ಲಿ 1976ರಿಂದ 1992ರವರೆಗೆ ಕುರಿಗಳನ್ನ ಕಜ್ಜಿಗೆ ಔಷಧಿ ತೊಟ್ಟಿಲಿ ಮುಳುಗಿಸಲೇಬೇಕು ಅಂತ ಸರ್ಕಾರಿ ಕಾನೂನೇ ಇತ್ತು, ಬಳಕೆಯಲ್ಲಿದ್ದದ್ದು ಹೆಚ್ಚಾಗಿ ಇದೇ ಗುಂಪಿನ ಔಷಧಿ, ಆ ಕುರಿ ಸಾಕೋರಲ್ಲಿ ತುಂಬಾ ಜನ ಆಮೇಲೆ ಸುಸ್ತು, ಮರೆವು, ಖಿನ್ನತೆ ಅಂತ ವರ್ಷಗಟ್ಟಲೆ ಹೋರಾಡಿದ್ರು.

ಇಷ್ಟು ಹೇಳಿದ್ ತಕ್ಷಣ ಕಾಮೆಂಟಲ್ಲಿ ಒಬ್ರು ಬಂದೇ ಬರ್ತಾರೆ, ರೈತನ ಖಿನ್ನತೆಗೆ ಕಾರಣ ಸಾಲ, ಮಳೆ, ರೇಟು, ಔಷಧಿ ಮೇಲೆ ಯಾಕೆ ಹಾಕ್ತೀರ ಅಂತ. ನಿಜ, ಸಾಲನೂ ಇದೆ, ರೇಟೂ ಇದೆ, ಈ ಅಧ್ಯಯನಗಳು ಎರಡರ ನಡುವೆ ಸಂಬಂಧ ಇದೆ ಅಂತಾವೆ ಹೊರತು ಇದರಿಂದಲೇ ಅದು ಅಂತ ತೀರ್ಪು ಕೊಡಲ್ಲ. ಆದ್ರೆ ಬ್ಯಾಂಕಿನವರು ಬಡ್ಡಿ ಬಿಡ್ತಾರಾ, ಮಳೆ ಹೇಳಿದ ಮಾತು ಕೇಳುತ್ತಾ? ನಮ್ಮ ಕೈಯಲ್ಲಿ ಬದಲಾಯಿಸೋಕೆ ಆಗೋದು ಈ ಕ್ಯಾನ್ ಒಂದೇ, ಅದಕ್ಕೆ ನಾನು ಅದನ್ನ ಹಿಡ್ಕೊಂಡಿದ್ದು.

ಸರಿ, ಹಾಗಾದ್ರೆ ಡ್ರೋನ್ ಈ ವಿಷಯದಲ್ಲಿ ಪಾಸಾ? ಹಾರ್ಸೋನಿಗೆ ಪಾಸ್. ಅವನು ಬದುವಿನ ಮೇಲೆ ದೂರ ನಿಂತು ರಿಮೋಟ್ ಹಿಡಿದಿರ್ತಾನೆ, ತಾನೇ ಹೊಡೆದ ಮಂಜಿನೊಳಗೆ ತಾನೇ ನಡ್ಕೊಂಡು ಹೋಗೋ ಹಣೆಬರಹ ಇಲ್ಲ. ಪಂಪಲ್ಲಿ ಹೊಡಿಯೋನಿಗೆ ಒದ್ದೆ ಪೈರು ತೊಡೆಗೆ ಉಜ್ಜಿ ಉಜ್ಜಿ, ಬೆನ್ನಿಗೆ ಸೋರಿ, ಮುಖಕ್ಕೆ ಗಾಳಿ ತಂದು ಹಾಕಿ ಹೋಗೋದು ಎಷ್ಟು ಅಂತ ಹೊಡೆದವನಿಗೇ ಗೊತ್ತು, ಮೂಗಿಗಿಂತ ಚರ್ಮದಿಂದ ಒಳಗೆ ಹೋಗೋದೇ ಜಾಸ್ತಿ. ಅದಷ್ಟೂ ಇಲ್ಲಿ ಇಲ್ಲ. ಇದೊಂದಕ್ಕೇ 500 ರೂಪಾಯಿ ಕಣ್ಣುಮುಚ್ಚಿ ಕೊಡಬಹುದು.

ಫೇಲ್ ಆಗಿದ್ದು ಬಕೆಟ್ ಹತ್ರ. ಇದನ್ನ ಯಾವ ರಿವ್ಯೂಲೂ ಬರಿಯಲ್ಲ, ಎಲ್ಲಾ ಡ್ರೋನ್ ಮೇಲಕ್ಕೆ ಹೋಗೋ ವಿಡಿಯೋನೇ. ಪಂಪಲ್ಲಿ ಒಂದು ಎಕರೆಗೆ 150ರಿಂದ 200 ಲೀಟರ್ ನೀರು ಹಾಕಿ ಕಲಸ್ತೀವಿ, ಡ್ರೋನಿಗೆ ಅದೇ ಎಕರೆಯ ಔಷಧಿ ಹತ್ತು ಲೀಟರ್ ನೀರಿಗೆ. ಅಂದ್ರೆ ಆ ನೀರು ಹದಿನೈದು ಇಪ್ಪತ್ತು ಪಟ್ಟು ಖಡಕ್ಕು. ಒಂದು ಚೂರು ಕೈ ಮೇಲೆ ಚೆಲ್ಲಿದ್ರೆ ಪಂಪಿನ ಕಾಲದ ಚೂರಿನ ಲೆಕ್ಕ ಅಲ್ಲ ಅದು. ನಮ್ಮಲ್ಲಿಗೆ ಬಂದ ಟೀಮಲ್ಲಿ ಹಾರ್ಸೋನು ಒಬ್ಬ, ಕಲಸಿ ತುಂಬೋನು ಇನ್ನೊಬ್ಬ, ಹತ್ತೊಂಬತ್ತು ಇಪ್ಪತ್ತು ವಯಸ್ಸು ಇರ್ಬಹುದು, ಟೀಶರ್ಟು, ಬರಿಗೈ, ಔಷಧಿ ಕರಗ್ಲಿ ಅಂತ ಮೊಣಕೈವರೆಗೂ ಬಕೆಟಲ್ಲಿ ಅದ್ದಿ ತಿರುಗಿಸ್ತಿದ್ದ. ನಾನು "ತಮ್ಮಾ, ಕೋಲು ತಗಳಪ್ಪಾ" ಅಂದ್ರೆ "ಏನಾಗಲ್ಲಣ್ಣಾ, ಅಭ್ಯಾಸ ಆಗಿದೆ" ಅಂತ ನಗ್ತಾನೆ. ದಿನಕ್ಕೆ ಇಪ್ಪತ್ತು ಎಕರೆ ಹೊಡಿತೀವಿ ಅಂತಾರಲ್ಲ, ಅಂದ್ರೆ ಇಪ್ಪತ್ತು ಸಲ ಬಕೆಟ್. ಚಿಕ್ಕಪ್ಪನ ಬೆನ್ನಿಂದ ಇಳಿದಿದ್ದು ಈ ಹುಡುಗನ ಕೈಗೆ ಹತ್ತಿದೆ ಅಷ್ಟೇ ಅನ್ನಿಸ್ತು. ಮನೇಲಿದ್ದ ರಬ್ಬರ್ ಗ್ಲೌಸ್ ತರಿಸಿ ಕೊಟ್ಟೆ, ಎರಡು ಟ್ಯಾಂಕ್ ಹಾಕ್ಕೊಂಡ, ಮೂರನೇದಕ್ಕೆ ಬದುವಿನ ಮೇಲೆ ಬಿದ್ದಿತ್ತು. ಒಂದು ಮಾರ್ಕು ಇಲ್ಲಿ ಪೂರ್ತಿ ಕಟ್.

ಗ್ಲೌಸ್ ಅಂದ್ರೆ ಬಟ್ಟೆದು ತರ್ಬೇಡಿ ಮತ್ತೆ, ಬಟ್ಟೆ ಔಷಧಿ ಹೀರ್ಕೊಂಡು ಚರ್ಮಕ್ಕೆ ಅಂಟಿಸಿ ಇಡುತ್ತೆ, ಹಾಕದೇ ಇರೋದಕ್ಕಿಂತ ಕಷ್ಟ. ನೈಟ್ರೈಲ್ ಅಂತ ಕೇಳಿ, ಉದ್ದ ತೋಳಿನದು.

ಈಗ ಆ ಮೂರು ಗಂಟೆ ಲೇಟಿನ ವಿಷಯ. ನಮ್ಮ ಕಡೆ ಬೇಸಿಗೆಲಿ ಬೆಳಗ್ಗೆ ಗಾಳಿ ಸುಮ್ನಿರುತ್ತೆ, ಹತ್ತು ಹನ್ನೊಂದರ ಮೇಲೆ ಬೀಸೋಕೆ ಶುರು. ಡ್ರೋನಿನ ಹನಿ ತುಂಬಾ ಸಣ್ಣದು, ರೆಕ್ಕೆ ಗಾಳಿ ಕೆಳಗೆ ತಳ್ಳುತ್ತೆ ನಿಜ, ಆದ್ರೆ ಗದ್ದೆ ಅಂಚಲ್ಲಿ ತಿರುಗೋವಾಗ ಪಕ್ಕಕ್ಕೆ ಹೋಗೋದು ಬರಿಗಣ್ಣಿಗೇ ಕಾಣುತ್ತೆ. ಪಕ್ಕದ ಗದ್ದೆಲಿ ಐದಾರು ಹೆಂಗಸರು ಕಳೆ ಕೀಳ್ತಿದ್ರು, ಅದರಲ್ಲೊಬ್ಬಳು ಮಗೂನ ಬದುವಿನ ಮೇಲೆ ಕೂರಿಸಿದ್ಲು. ನಾನು ಹೋಗಿ ನಿಲ್ಸಿ ಅಂದೆ, ಹುಡುಗ್ರು ಪಾಪ ನಿಲ್ಸಿದ್ರು, ಆ ಅಂಚಿನ ಪಟ್ಟೆ ಬಿಟ್ಟು ಹೊಡೆದ್ರು, ಅದು ಅವರ ದೊಡ್ಡತನ. ಆದ್ರೆ ನಾನು ಹೇಳೋವರೆಗೂ ಅವರ ತಲೇಲಿ ಅದು ಇರ್ಲಿಲ್ಲ. ಕೇಂದ್ರ ಕೃಷಿ ಇಲಾಖೆ 2021ರ ಡಿಸೆಂಬರ್‌ನಲ್ಲೇ ಡ್ರೋನಿನಿಂದ ಔಷಧಿ ಹೊಡಿಯೋಕೆ ನಿಯಮ ಮಾಡಿದೆ, ಗಾಳಿ ನೋಡ್ಬೇಕು, ಸುತ್ತಮುತ್ತಲ ಜನಕ್ಕೆ ಮೊದ್ಲೇ ತಿಳಿಸ್ಬೇಕು, ರಕ್ಷಣೆ ಬಟ್ಟೆ ಹಾಕ್ಬೇಕು, ನೀರಿನ ಮೂಲದಿಂದ ದೂರ ಇರ್ಬೇಕು ಅಂತೆಲ್ಲಾ. ನಮ್ಮೂರಲ್ಲಿ ಅದನ್ನ ಓದಿದವರು ಸಿಕ್ಕಿದ್ರೆ ಹೇಳಿ, ನಾನೇ ಹಾರ ಹಾಕ್ತೀನಿ.

ಮೇಲಿಂದ ಹೊಡಿಯೋದು ನಮ್ಮ ರಾಜ್ಯಕ್ಕೆ ಹೊಸದೇನಲ್ಲ ಅನ್ನೋದೂ ನೆನಪಿರ್ಲಿ. ಪಕ್ಕದ ಕೇರಳದ ಕಾಸರಗೋಡಿನ ಗೇರು ತೋಟಗಳ ಮೇಲೆ, ಇತ್ಲಾಗೆ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ ಕಡೆ ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಸುರಿದ್ರು, ವರ್ಷಗಟ್ಟಲೆ, 2000ದ ಹೊತ್ತಿಗೆ ಅದು ನಿಲ್ತು, 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೇ ನಿಷೇಧ ಹಾಕ್ತು. ಅದು ಬೇರೆ ಗುಂಪಿನ ವಿಷ, ಎತ್ತರ ಬೇರೆ, ಪ್ರಮಾಣ ಬೇರೆ, ಪೈರಿನಿಂದ ಎರಡು ಮೀಟರ್ ಮೇಲೆ ಹಾರೋ ಡ್ರೋನನ್ನ ಅದಕ್ಕೆ ಹೋಲಿಸೋಕೆ ಹೋಗಲ್ಲ ನಾನು. ಆದ್ರೆ ಅಲ್ಲಿನ ಮನೆಗಳಲ್ಲಿ ಹಾಸಿಗೆ ಬಿಟ್ಟೇಳದ ಮಕ್ಕಳನ್ನ ದಶಕಗಟ್ಟಲೆ ನೋಡ್ಕೊಂಡ ತಾಯಂದಿರ ಮನಸ್ಸಿನ ಸ್ಥಿತಿ ಯಾವ ಪರಿಹಾರದ ಪಟ್ಟಿಲೂ ಸರಿಯಾಗಿ ಬರ್ಲಿಲ್ಲ. ದೇಹದ ಅಂಗವೈಕಲ್ಯಕ್ಕೆ ಪರ್ಸೆಂಟೇಜ್ ಇದೆ, ಮಂಕಾಗಿ ಕೂತ ಅಮ್ಮನಿಗೆ ಯಾವ ಪರ್ಸೆಂಟೇಜು?

ಔಷಧಿ ಅಂಗಡಿ ಬಗ್ಗೆ ಎರಡು ಮಾತು, ಸರ್ವಿಸ್ ಅಂದ್ಮೇಲೆ ಅದೂ ಸೇರುತ್ತೆ. ಹುಳ ಅಂದ್ರೆ ಸಾಕು ಮೂರು ಡಬ್ಬಿ ಕೌಂಟರ್ ಮೇಲೆ, ಮೂರೂ ಮಿಕ್ಸ್ ಮಾಡಿ ಹೊಡೀರಿ ಒಂದೇ ಖರ್ಚು ಅಂತಾರೆ. ಡಬ್ಬಿ ಮೇಲೆ ವಜ್ರದ ಆಕಾರದ ಗುರುತು ಇರುತ್ತೆ ನೋಡಿ, ಕೆಳಗಿನ ತ್ರಿಕೋನದ ಬಣ್ಣ ಕೆಂಪಿದ್ರೆ ಅತಿ ಘೋರ, ಆಮೇಲೆ ಹಳದಿ, ಆಮೇಲೆ ನೀಲಿ, ಹಸಿರು ಅಂದ್ರೆ ಇದ್ದಿದ್ರಲ್ಲಿ ವಾಸಿ. ಹುಡುಗ್ರು ತಂದ ಚೀಟಿಲಿ ಏನಿದ್ರೂ ಸರಿ, ಇದೇ ಕೆಲಸಕ್ಕೆ ಹಸಿರು ಅಥವಾ ನೀಲಿದು ಇದೆಯಾ ಅಂತ ನಾನು ಕೇಳ್ದೆ, ಇತ್ತು, ರೇಟ್ ಸ್ವಲ್ಪ ಜಾಸ್ತಿ. ಮೊನೊಕ್ರೊಟೊಫಾಸನ್ನ ತರಕಾರಿಗೆ ಹೊಡೀಬಾರ್ದು ಅಂತ 2005ರಿಂದ ಇದೆ, 2023ರಲ್ಲಿ 36 ಎಸ್‌ಎಲ್ ಅನ್ನೋ ರೂಪಕ್ಕೇ ನಿಷೇಧದ ಆದೇಶ ಬಂತು, ಯಾರಾದ್ರೂ ಹಳೇ ಸ್ಟಾಕ್ ಅಂತ ಕೈಗೆ ಕೊಟ್ರೆ ವಾಪಸ್ ಕೊಡಿ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಇಂಥದ್ದೆಲ್ಲಾ ಬೆರೆಸಿ ಹೊಡೆದು ಇಪ್ಪತ್ತಕ್ಕೂ ಹೆಚ್ಚು ಜನ ಸತ್ರು, ನೂರಾರು ಜನ ಆಸ್ಪತ್ರೆ ಸೇರಿದ್ರು. ಬದುಕಿ ಮನೆಗೆ ಬಂದವರ ತಲೆ ಒಳಗೆ ಆಮೇಲೆ ಏನಾಯ್ತು ಅಂತ ಯಾವ ಪೇಪರಲ್ಲೂ ಬರ್ಲಿಲ್ಲ.

ರಕ್ಷಣೆ ಬಟ್ಟೆ ವಿಷಯಕ್ಕೆ ಬಂದ್ರೆ, ನಮ್ಮ ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರೋ ಇನ್‌ಸ್ಟೆಮ್ ಅನ್ನೋ ವಿಜ್ಞಾನ ಸಂಶೋಧನಾ ಸಂಸ್ಥೆಯವರು ಕಿಸಾನ್ ಕವಚ ಅಂತ ಒಂದು ಡ್ರೆಸ್ ಮಾಡಿದ್ದಾರೆ, 2024ರ ಡಿಸೆಂಬರ್‌ನಲ್ಲಿ ಬಿಡುಗಡೆ ಆಯ್ತು, ಆಗ ಬೆಲೆ 4 ಸಾವಿರ ಇತ್ತು. ಇದು ಪ್ಲಾಸ್ಟಿಕ್ ಥರ ಬರೀ ತಡಿಯೋದಲ್ಲ, ಬಟ್ಟೆಗೇ ಒಂದು ರಾಸಾಯನಿಕ ಕೂರಿಸಿದ್ದಾರೆ, ಆರ್ಗನೋಫಾಸ್ಫೇಟ್ ಬಿದ್ ತಕ್ಷಣ ಅದನ್ನ ಒಡೆದು ನಿಷ್ಕ್ರಿಯ ಮಾಡುತ್ತೆ, ಒಗೆದು ಮತ್ತೆ ಹಾಕ್ಕೋಬಹುದು. ಐಡಿಯಾ ಸೂಪರ್, ನಮ್ಮ ಬಿಸಿಲಲ್ಲಿ ಪಿಪಿಇ ಕಿಟ್ ಹಾಕ್ಕೊಂಡು ಯಾರೂ ಹತ್ತು ನಿಮಿಷ ನಿಲ್ಲಲ್ಲ, ಬಟ್ಟೆ ಆದ್ರೆ ನಿಲ್ತಾರೆ. ನಮ್ಮ ಅಂಗಡಿಲಿ ಕೇಳಿದ್ರೆ ಮಳೆಗಾಲದ ರೇನ್‌ಕೋಟ್ ತೋರ್ಸಿದ್ರು. ಡ್ರೋನಿಗೆ ಲಕ್ಷಗಟ್ಟಲೆ ಸಬ್ಸಿಡಿ ಕೊಡೋ ಸರ್ಕಾರ ಪ್ರತಿ ಡ್ರೋನ್ ಜೊತೆ ಇಂಥದ್ದು ಎರಡು ಕೊಟ್ರೆ ಏನು ಗಂಟು ಹೋಗುತ್ತೆ ಹೇಳಿ. ನಮೋ ಡ್ರೋನ್ ದೀದಿ ಅಂತ 15 ಸಾವಿರ ಮಹಿಳಾ ಸಂಘಗಳಿಗೆ ಡ್ರೋನ್ ಕೊಡೋ ಯೋಜನೆ 2023ರಲ್ಲಿ ಬಂತಲ್ಲ, ಅಲ್ಲಿ ಹಾರ್ಸೋದೂ ಹೆಂಗಸರೇ, ಬಕೆಟ್ ಕಲಸೋದೂ ಹೆಂಗಸರೇ. ಇಷ್ಟು ವರ್ಷ ಕಲಸಿ ಕೊಡೋದು, ನೀರು ಹೊರೋದು, ಸಂಜೆ ಆ ಬಟ್ಟೆ ಒಗಿಯೋದು ಅವರೇ ಮಾಡ್ತಿದ್ರು, ಅದಂತೂ ಯಾವ ಲೆಕ್ಕಕ್ಕೂ ಬರದ ಕೆಲಸ.

ಚಿಕ್ಕಪ್ಪನ ಕಥೆ ಕೇಳ್ತೀರಲ್ವಾ. ಡ್ರೋನ್ ಬಂತು, ಚಿಕ್ಕಪ್ಪ ನಗೋಕೆ ಶುರು ಮಾಡಿದ್ರು ಅಂತ ಬರೆದ್ರೆ ಸುಳ್ಳಾಗುತ್ತೆ. ಡ್ರೋನ್ ಮೇಲೆ ಏಳೋದನ್ನ ನೋಡಿ ಅವರು ಮೊದ್ಲು ಅಂದಿದ್ದು "ನನ್ ಕೂಲಿನೂ ಕಿತ್ಕೊಂಡ್ರಿ". ಅದೂ ತಪ್ಪಲ್ಲ, ಸೀಸನ್ನಿನ ಆ ದುಡ್ಡು ಅವರ ಕೈಖರ್ಚು, ಅವರ ಮರ್ಯಾದೆ. ಊರಲ್ಲಿ ಪಂಪು ಹೊರೋ ಕೂಲಿಯವರಿಗೆ ಡ್ರೋನ್ ಬಂದ್ರೆ ಮೈಗೆ ಒಳ್ಳೇದು, ಹೊಟ್ಟೆಗೆ ಕಷ್ಟ, ಕೈಲಿ ದುಡ್ಡಿಲ್ದೆ ಕೂತ್ರೂ ಮನಸ್ಸು ಕೆಡುತ್ತೆ. ಅದಕ್ಕೆ ಅವರನ್ನ ನೀರು ಕಟ್ಟೋಕೆ, ಬದು ನೋಡ್ಕೊಳ್ಳೋಕೆ ಅಂತ ಕೂಲಿ ಕೊಟ್ಟೇ ಇಟ್ಕೊಂಡಿದೀವಿ. ಮಾತ್ರೆ ನಡೀತಿದೆ, ನಿದ್ದೆ ಪರವಾಗಿಲ್ಲ ಈಗ. ಮನೇಲಿದ್ದ ಔಷಧಿ ಡಬ್ಬಿ ಎಲ್ಲಾ ಬೀಗ ಹಾಕೋ ಪೆಟ್ಟಿಗೆಗೆ ಹೋಗಿದೆ, ಬೀಗದ ಕೈ ಚಿಕ್ಕಮ್ಮನ ಹತ್ರ. ಮನಸ್ಸು ಸರಿ ಇಲ್ಲದವರು ಇರೋ ಮನೇಲಿ ಇದನ್ನ ಇವತ್ತೇ ಮಾಡಿ. ಡಾಕ್ಟರ್ ಹತ್ರ ಹೋಗೋಕೆ ನಾಚಿಕೆ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ, ರಾತ್ರಿನೂ ಎತ್ತುತ್ತಾರೆ. ಮಾತಾಡೋವಾಗ ಔಷಧಿ ಹೊಡಿಯೋ ಕೆಲಸ ಅಂತ ನೀವಾಗೇ ಹೇಳಿ, ಅವರು ಕೇಳ್ಲಿ ಅಂತ ಕಾಯ್ಬೇಡಿ.

ಡ್ರೋನ್ ಕರೆಸೋರು ಇಷ್ಟು ಕೇಳಿ: ಹಾರ್ಸೋನ ಹತ್ರ ಡಿಜಿಸಿಎ (ಕೇಂದ್ರದ ವಿಮಾನಯಾನ ನಿಯಂತ್ರಣದವರು) ಒಪ್ಪಿದ ಪೈಲಟ್ ಸರ್ಟಿಫಿಕೇಟ್ ಇದೆಯಾ, ಬೆಳಗ್ಗೆ ಎಂಟರೊಳಗೆ ಶುರು ಮಾಡ್ತಾರಾ, ಕಲಸೋನಿಗೆ ಗ್ಲೌಸ್ ಇದೆಯಾ, ಟ್ಯಾಂಕ್ ಎಲ್ಲಿ ತೊಳಿತಾರೆ (ಕಾಲುವೆಲಿ ಅಂದ್ರೆ ವಾಪಸ್ ಕಳಿಸಿ). ಪಕ್ಕದ ಗದ್ದೆಯವರಿಗೆ ಹಿಂದಿನ ದಿನವೇ ಒಂದು ಮಾತು ಹಾಕಿ, ಅವತ್ತು ಆಳು ಕರೀಬೇಡಿ ಅಂತ. ಎಕರೆಗೆ ಐವತ್ತು ಜಾಸ್ತಿ ಕೇಳಿದ್ರೂ ಇದನ್ನೆಲ್ಲಾ ಮಾಡೋ ಟೀಮನ್ನೇ ಕರೀರಿ. ಮುಂದಿನ ಸಲನೂ ನಾವು ಅದೇ ಹುಡುಗ್ರನ್ನೇ ಕರಿಯೋದು, ಫೋನಲ್ಲಿ ಹೇಳೂ ಆಯ್ತು, ಗ್ಲೌಸ್ ಹಾಕದೇ ಕಲಸಿದ ಟ್ಯಾಂಕಿಗೆ ದುಡ್ಡು ಕೊಡಲ್ಲ. "ಆಯ್ತಣ್ಣಾ" ಅಂದಿದ್ದಾನೆ. ಹಾಕಿದ್ರೆ ಆ ಕಟ್ ಮಾಡಿದ ಒಂದು ಮಾರ್ಕು ವಾಪಸ್ ಸೇರಿಸ್ತೀನಿ.